ಛಲವೂ ಹದವೂ

ಮಳೆ ಬಿದ್ದ ಮರುದಿನ ಎರೆಯ ಹೊಲದಲ್ಲಿ ನಡೆದವರಿಗೆ ಗೊತ್ತು, ಆ ಮಣ್ಣು ಹಿಡಿದ ಕಾಲನ್ನು ಸುಲಭವಾಗಿ ಬಿಡುವಂಥದಲ್ಲ. ಹೆಜ್ಜೆಗೊಂದು ಪದರಿನಂತೆ ಚಪ್ಪಲಿಯ ಅಡಿಗೆ ಏರುತ್ತ ಹೋಗಿ, ಹತ್ತು ಮಾರು ದಾಟುವಷ್ಟರಲ್ಲಿ ನಡೆಯುವವನು ನಾಲ್ಕು ಬೆರಳು ಎತ್ತರವಾಗಿರುತ್ತಾನೆ. ತನ್ನ ಕಾಲನ್ನು ತಾನೇ ಹೊರೆಯಂತೆ ಎತ್ತಿ ಇಡುತ್ತಿರುತ್ತಾನೆ. ಗದಗ ಸೀಮೆಯ ಈ ಕಪ್ಪು ಮಣ್ಣು ಹತ್ತಿಗೆ, ಜೋಳಕ್ಕೆ, ಕಡಲೆಗೆ ತಾಯಿ. ಓಡುವವರಿಗೆ ಮಾತ್ರ ಮಲತಾಯಿ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಮಳೆಯ ಮರುದಿನ, ಬಿ.ಎ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಶಿರಹಟ್ಟಿಯ ಕಡೆಯ ಹಳ್ಳಿಯ ಹುಡುಗಿ. 1500 ಮೀಟರು ಓಟದಲ್ಲಿ ನಮ್ಮ ಕಾಲೇಜಿನ ಮಟ್ಟಿಗೆ ಅವಳನ್ನು ಹಿಂದೆ ಹಾಕುವವರು ಇರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚು, ಮೈದಾನದಲ್ಲಿ ಮುಂದಿನ ಸಾಲು.

“ಸರ್, ನಾ ಇನ್ನ ಓಡೂದಿಲ್ರಿ. ಪಿ.ಡಿ. ಸರ್‌ಗೆ ಹೇಳಾಕ ಅಂಜಿಕಿ ಬರತೈತ್ರಿ. ನೀವ ಹೇಳ್ರಿ.”

“ಯಾಕವಾ, ಕಾಲಿಗೇನರ ಆತೇನು?”

“ಕಾಲಿಗೇನೂ ಆಗಿಲ್ರಿ. ತಾರೀಖ ಮುಂದಕ್ಕ ಹೋತ್ರಿ.”

ಎದುರಿಗೆ ಕುಳಿತಿದ್ದ ಸಹೋದ್ಯೋಗಿಯೊಬ್ಬರು ನಕ್ಕರು. ತಾರೀಖು ಮುಂದೆ ಹೋದರೆ ಇನ್ನೂ ಒಳ್ಳೆಯದಲ್ಲವೆ, ಅಭ್ಯಾಸಕ್ಕೆ ಹೆಚ್ಚು ದಿನ ಸಿಕ್ಕಂತಾಯಿತು ಎಂಬುದು ಅವರ ಲೆಕ್ಕ. ನನಗೆ ನಗು ಬರಲಿಲ್ಲ. ಓಟದ ತಯಾರಿಯೆಂದರೆ ದಿನದಿನಕ್ಕೂ ಹೆಚ್ಚು ಹೆಚ್ಚು ಓಡುವುದಲ್ಲ. ಮೊದಲ ಹಲವು ವಾರ ನಿಧಾನವಾದ ದೂರದ ಓಟ. ಅದು ಉಸಿರಿಗೆ ಹಾಕುವ ಅಡಿಪಾಯ. ಅನಂತರ ವೇಗದ ತುಣುಕುಗಳು: 400 ಮೀಟರು ಓಡಿ, ನಿಂತು ಉಸಿರು ತೆಗೆದುಕೊಂಡು, ಮತ್ತೆ ಓಡುವುದು. ಕೊನೆಯ ವಾರ ಹತ್ತು ದಿನ ದೂರವನ್ನು ಕಡಿಮೆ ಮಾಡುತ್ತ ಬಂದು, ಸೇರಿಕೊಂಡ ದಣಿವೆಲ್ಲ ಇಳಿದು ಮೈ ಹಗುರಾಗಲು ಬಿಡಬೇಕು. ಸ್ಪರ್ಧೆಯ ದಿನಕ್ಕೆ ಸರಿಯಾಗಿ ಕಸುವು ತನ್ನ ತುತ್ತತುದಿಗೆ ಬರಬೇಕು. ಆ ತುದಿಯ ಮೇಲೆ ಮೂರು ವಾರ ನಿಂತಿರುವುದು ಯಾರ ಮೈಗೂ ಸಾಧ್ಯವಲ್ಲ. ಆ ಹುಡುಗಿ ಮೂರು ತಿಂಗಳು ಕಾದು ಕಟ್ಟಿದ್ದನ್ನು ಎರಡು ದಿನದ ಮಳೆ ನೆನೆಸಿಹಾಕಿತ್ತು. ಮುಂದೂಡಿದ ಕ್ರೀಡಾಕೂಟ ಪರೀಕ್ಷೆಯ ನಡುವೆಯೇ ಬಂದು ಕೂತಿತ್ತು.

ನನಗೆ ನಗು ಬಾರದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

1999ರ ಮಳೆಗಾಲದಲ್ಲಿ ನಾನೂ ಪದವಿಯ ವಿದ್ಯಾರ್ಥಿ. 800 ಮೀಟರು ನನ್ನ ಓಟ. ‘ನನ್ನ’ ಎಂಬ ಮಾತನ್ನು ಗಮನಿಸಬೇಕು. ಆಗ ನಾನು ಅದನ್ನು ಹಾಗೆಯೇ ಹೇಳುತ್ತಿದ್ದೆ, ಹೊಲದ ಉತಾರ ನನ್ನ ಹೆಸರಿನಲ್ಲಿದೆ ಎಂಬಂತೆ. ಆ ವರ್ಷ ಮಳೆಯ ಕಾರಣದಿಂದ ನಾನು ಕಾದಿದ್ದ ಕೂಟವೇ ನಿಂತುಹೋಯಿತು. ನಮ್ಮ ಗುರುಗಳು ಕರೆದು, ಮುಂದಿನ ತಿಂಗಳು ಗುಡ್ಡಗಾಡು ಓಟವಿದೆ, ನಿನ್ನ ಉಸಿರು ಚೆನ್ನಾಗಿದೆ, ಅದರಲ್ಲಿ ಓಡು ಎಂದರು. ನಾನು ಒಪ್ಪಲಿಲ್ಲ. ಎಂಟುನೂರರವನು ಗುಡ್ಡ ಹತ್ತಿ ಇಳಿಯುವುದೇನು ಎಂಬ ಹಮ್ಮು. ಅವರು ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಅಂದಿನಿಂದ ಇಂದಿನವರೆಗೆ ಎದೆಗೆ ನಂಬರು ಹಚ್ಚಿಕೊಂಡು ನಾನು ಓಡಿಲ್ಲ. ಬಹಳ ವರ್ಷ ಅದನ್ನು ಛಲವೆಂದೇ ಹೇಳಿಕೊಂಡು ತಿರುಗಿದೆ.

ಛಲವೆಂಬ ಮಾತಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಮನೆತನವಿದೆ. ತಾನು ಬರೆದದ್ದು ಪುಲಿಗೆರೆಯ ತಿರುಳ ಕನ್ನಡವೆಂದು ಪಂಪ ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬ ವೀರನನ್ನು ಒಂದೊಂದು ಗುಣದಿಂದ ನೆನೆಯುವಾಗ ಅವನು ದುರ್ಯೋಧನನ ಪಾಲಿಗೆ ಕೊಡುವುದು ಛಲವನ್ನು. ಆ ಪದ್ಯವನ್ನು ಪಾಠ ಮಾಡುವಾಗ ಇಂದಿಗೂ ನನ್ನ ದನಿ ತಾನಾಗಿ ಏರುತ್ತದೆ, ವಿದ್ಯಾರ್ಥಿಗಳ ಬೆನ್ನು ನೆಟ್ಟಗಾಗುತ್ತದೆ. ಆದರೆ ಆ ಛಲದ ತುದಿಯಲ್ಲಿ ಏನಿತ್ತು? ತೊಡೆ ಮುರಿದು ಬಿದ್ದ ಒಬ್ಬ ಅರಸು. ಕಾವ್ಯಕ್ಕೆ ಅದು ಭವ್ಯ. ಕ್ರೀಡಾಪಟುವಿಗೆ ಅದು ಅಷ್ಟೇನೂ ಒಳ್ಳೆಯ ಮಾದರಿಯಲ್ಲ.

1999ರ ಆ ಮಳೆಗಾಲದ ಕೊನೆಯಲ್ಲಿಯೇ, ಸೆಪ್ಟೆಂಬರ್ 26ರ ಭಾನುವಾರ, ನಾನು ನೆರೆಮನೆಯ ದೂರದರ್ಶನದ ಮುಂದೆ ಕುಳಿತಿದ್ದೆ. ನೈರೋಬಿಯಲ್ಲಿ ಭಾರತಕ್ಕೂ ದಕ್ಷಿಣ ಆಫ್ರಿಕಕ್ಕೂ ಪಂದ್ಯ. ಎಡಗೈ ಸ್ಪಿನ್ ಬೌಲರ್ ಸುನೀಲ್ ಜೋಶಿ ತಮ್ಮ ಹತ್ತು ಓವರುಗಳನ್ನು ಎಸೆದು ಮುಗಿಸಿದಾಗ ಲೆಕ್ಕ ಹೀಗಿತ್ತು: 10 ಓವರು, ಅದರಲ್ಲಿ 6 ಮೇಡನ್, 6 ರನ್ನು, 5 ವಿಕೆಟ್ಟು. ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲ್ಲಾಕ್ ಆ ಐವರಲ್ಲಿ ಸೇರಿದವರು. ದಕ್ಷಿಣ ಆಫ್ರಿಕದ ತಂಡ 117ಕ್ಕೆ ಮುಗಿಯಿತು. ಓಣಿಯಲ್ಲಿ ಪಟಾಕಿ ಹೊಡೆದರು. ಏಕೆಂದರೆ ಜೋಶಿಯವರು ನಮ್ಮವರು. 1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದವರು.

ಅಂದು ನಾನು ನೋಡಿದ್ದು ಆ ಅಂಕಿಗಳ ಬೆರಗನ್ನು ಮಾತ್ರ. ಆ ಅಂಕಿಗಳ ಹಿಂದೆ ಎಷ್ಟು ಕೆಟ್ಟುಹೋದ ಯೋಜನೆಗಳಿದ್ದುವೆಂಬುದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ.

ಹುಡುಗನಾಗಿದ್ದಾಗ ಅವರು ಬೆಳಗಿನ ಅಭ್ಯಾಸಕ್ಕಾಗಿ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಬರುತ್ತಿದ್ದ ಸಂಗತಿ ಪ್ರಸಿದ್ಧವಾದದ್ದು. ಸುಮಾರು 60 ಕಿಲೋಮೀಟರು ಹೋಗಬೇಕು, ಅಷ್ಟೇ ದೂರ ಬರಬೇಕು. ಹೀಗೆ ಓಡಾಡುವವನಿಗೆ ಯೋಜನೆಯೆಂಬುದು ಕಲ್ಲಿನ ಮೇಲಿನ ಶಾಸನವಾಗಿ ಉಳಿಯಲಾರದು. ದಾರಿಯಲ್ಲಿ ಒಂದು ಗಳಿಗೆ ತಡವಾದರೆ ಅಭ್ಯಾಸದಲ್ಲಿ ಒಂದು ಗಳಿಗೆ ಖೋತಾ. ಇರುವ ಹೊತ್ತಿನಲ್ಲಿ ಆಗಬೇಕಾದದ್ದನ್ನು ಆಗಿಸಿಕೊಳ್ಳಬೇಕು. ಅದರ ಮೇಲೆ ನಮ್ಮ ಕಡೆಯ ಊರುಗಳಲ್ಲಿ ಮ್ಯಾಟು ಹಾಸಿ ಆಡುವುದೇ ಬಹುಕಾಲದ ರೂಢಿ. ನಾರಿನ ಮ್ಯಾಟಿನ ಮೇಲೆ ಚೆಂಡು ಪುಟಿದು ಎದೆಯೆತ್ತರಕ್ಕೆ ಬರುತ್ತದೆ, ಬೇಡವೆಂದರೂ ತಿರುಗುತ್ತದೆ. ಅದೇ ಚೆಂಡನ್ನು ದೊಡ್ಡ ಊರಿನ ಮಣ್ಣಿನ ಪಿಚ್ಚಿನ ಮೇಲೆ ಎಸೆದರೆ ಸಾಧು ಹಸುವಿನಂತೆ ನೇರವಾಗಿ ಹೋಗಿ ಬ್ಯಾಟಿಗೆ ಮುತ್ತಿಡುತ್ತದೆ. ನಮ್ಮ ಊರುಗಳಿಂದ ಮೇಲೆ ಹೋಗುವ ಪ್ರತಿಯೊಬ್ಬ ಬೌಲರನೂ ಒಮ್ಮೆ ಕಲಿತದ್ದನ್ನು ಮರೆತು ಇನ್ನೊಮ್ಮೆ ಕಲಿಯಬೇಕಾಗುತ್ತದೆ.

1995-96ರ ರಣಜಿ ಋತುವಿನಲ್ಲಿ ಜೋಶಿಯವರು 529 ರನ್ನುಗಳನ್ನೂ 52 ವಿಕೆಟ್ಟುಗಳನ್ನೂ ಗಳಿಸಿದರು. ಕರ್ನಾಟಕ ರಣಜಿ ಟ್ರೋಫಿಯನ್ನು ಗೆದ್ದಿತು. ಇಂಗ್ಲೆಂಡಿಗೆ ಹೋಗುವ ತಂಡದಲ್ಲಿ ಹೆಸರು ಬಂದಿತು. 1996ರ ಜೂನ್ 6ರಂದು ಬರ್ಮಿಂಗ್‌ಹ್ಯಾಮಿನ ಎಜ್‌ಬ್ಯಾಸ್ಟನ್ ಮೈದಾನದಲ್ಲಿ ಮೊದಲನೆಯ ಟೆಸ್ಟ್. ಆ ದಿನ ಅವರಿಗೆ 26 ವರ್ಷ ತುಂಬಿತು. ಗದಗ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಅಂಥ ಊರಿನ ಹುಡುಗ ಹುಟ್ಟುಹಬ್ಬದ ದಿನ ಭಾರತದ ಟೆಸ್ಟ್ ಟೋಪಿ ಧರಿಸಿದನೆಂದರೆ ಕಥೆ ಬರೆಯುವವರೂ ಇಷ್ಟು ಅಚ್ಚುಕಟ್ಟಾಗಿ ಕೂಡಿಸುವುದಿಲ್ಲ. ಆಗಿದ್ದಾದರೂ ಏನು? ಬೆರಳಿಗೆ ಪೆಟ್ಟಾಗಿ, ಬೌಲರನೆಂದು ಆರಿಸಿ ಕರೆದೊಯ್ದವರು ಆ ಪಂದ್ಯದಲ್ಲಿ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಬ್ಯಾಟು ಹಿಡಿದು ಆಡಿದರು, ಅಷ್ಟೇ. ಮುಂದಿನ ಟೆಸ್ಟು ಲಾರ್ಡ್ಸಿನಲ್ಲಿ. ಅಲ್ಲಿ ಹೊಸಬರಾಗಿ ಬಂದ ಗಂಗೂಲಿ, ದ್ರಾವಿಡರ ಹೆಸರುಗಳು ಲೋಕಕ್ಕೆಲ್ಲ ಕೇಳಿಸಿದುವು. ಎಜ್‌ಬ್ಯಾಸ್ಟನ್ನಿನ ಹುಟ್ಟುಹಬ್ಬವನ್ನು ಯಾರು ನೆನೆಯುತ್ತಾರೆ!

ನಾನಾಗಿದ್ದರೆ ಏನು ಮಾಡುತ್ತಿದ್ದೆನೆಂಬುದು ನನಗೆ ಗೊತ್ತು. ಅವರು ಮಾಡಿದ್ದು ಬೇರೆ. ಅಲ್ಲಿಂದ ಮೂರು ವರ್ಷಕ್ಕೆ ನೈರೋಬಿ. ಅದಾದ ಮರುವರ್ಷ, 2000ದ ನವೆಂಬರಿನಲ್ಲಿ, ಢಾಕಾ. ಬಾಂಗ್ಲಾದೇಶದ ಮೊತ್ತಮೊದಲ ಟೆಸ್ಟ್ ಪಂದ್ಯ. ಗಂಗೂಲಿಯವರು ನಾಯಕರಾಗಿ ಆಡಿದ ಮೊದಲನೆಯ ಟೆಸ್ಟೂ ಹೌದು. ಭಾರತ ಸುಲಭವಾಗಿ ಗೆಲ್ಲುವುದೆಂದು ಎಲ್ಲರೂ ಲೆಕ್ಕ ಹಾಕಿದ್ದರೆ, ಹೊಸ ತಂಡ 400 ರನ್ನು ಹೊಡೆದು ಕುಳಿತಿತು. ಆ ಸರದಿಯಲ್ಲಿ ಜೋಶಿಯವರಿಗೆ 142 ರನ್ನಿಗೆ 5 ವಿಕೆಟ್ಟು. ಆಮೇಲೆ ಬ್ಯಾಟು ಹಿಡಿದು 92 ರನ್ನು, ಎರಡನೆಯ ಸರದಿಯಲ್ಲಿ ಮತ್ತೆ 3 ವಿಕೆಟ್ಟು. ಬಾಂಗ್ಲಾದೇಶ 91ಕ್ಕೆ ಕುಸಿಯಿತು. ಪಂದ್ಯಪುರುಷನೆಂಬ ಗೌರವ ಗದಗಿನವರಿಗೇ ಬಂದಿತು. ಬೌಲರನಿಗೆ ಎಂಟು ರನ್ನು ಕಡಿಮೆಯಾಗಿ ಶತಕ ತಪ್ಪಿತೆಂದು ನಾವು ಹಳಹಳಿಸಿದೆವು. ಇಂಗ್ಲೆಂಡಿನಲ್ಲಿ ಬೌಲರನೊಬ್ಬ ಬ್ಯಾಟು ಮಾತ್ರ ಹಿಡಿಯಬೇಕಾಗಿ ಬಂದದ್ದಕ್ಕೂ ಢಾಕಾದಲ್ಲಿ ಅದೇ ಬ್ಯಾಟು ಪಂದ್ಯವನ್ನು ಎತ್ತಿ ನಿಲ್ಲಿಸಿದ್ದಕ್ಕೂ ಇರುವ ನಂಟು ಆಗ ನಮಗೆ ಹೊಳೆಯಲಿಲ್ಲ.

ಅವರ ಟೆಸ್ಟ್ ಬಾಳು 15 ಪಂದ್ಯ, 41 ವಿಕೆಟ್ಟುಗಳಿಗೆ ನಿಂತಿತು. 2001ರ ಬಳಿಕ ಭಾರತದ ತಂಡದಿಂದ ಕರೆ ಬರಲಿಲ್ಲ. ಹಲವರು ಅಲ್ಲಿಗೆ ಕೈಚೆಲ್ಲುತ್ತಾರೆ. ಜೋಶಿಯವರು ನಲವತ್ತರ ವಯಸ್ಸಿನ ಹತ್ತಿರದವರೆಗೂ ಕರ್ನಾಟಕಕ್ಕೆ ಆಡಿದರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರ ವಿಕೆಟ್ಟುಗಳು 600ನ್ನು ದಾಟಿದುವು, ರನ್ನುಗಳು 5000ವನ್ನು. ಬಳಿಕ ತರಬೇತಿಯ ಕೆಲಸ. 2017ರಲ್ಲಿ ಬಾಂಗ್ಲಾದೇಶದ ಸ್ಪಿನ್ ಬೌಲಿಂಗಿಗೆ ಅವರೇ ತರಬೇತುದಾರರಾಗಿ ಹೋದರು. ಯಾವ ತಂಡದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ಟು ತೆಗೆದಿದ್ದರೋ ಅದೇ ತಂಡದ ಹುಡುಗರ ಬೆರಳು ತಿದ್ದಲು. 2020ರಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅದೇ ವರ್ಷ ಮಹಾಮಾರಿ ಬಂದು ಲೋಕದ ಕ್ರೀಡಾಂಗಣಗಳಿಗೆಲ್ಲ ಬೀಗ ಬಿದ್ದಿತು. ಟೋಕಿಯೋದ ಒಲಿಂಪಿಕ್ಸೇ ಒಂದು ವರ್ಷ ಮುಂದೆ ಹೋಯಿತು. ನಾಲ್ಕು ವರ್ಷ ಒಂದು ದಿನಕ್ಕಾಗಿ ಮೈ ಕಟ್ಟಿದವರು ಸಾವಿರಾರು ಜನ, ನಮ್ಮ ಈ ಹುಡುಗಿಯ ಮಾತನ್ನೇ ತಮ್ಮ ತಮ್ಮ ಭಾಷೆಗಳಲ್ಲಿ ಆಡಿರಬೇಕು: ತಾರೀಖು ಮುಂದಕ್ಕೆ ಹೋಯಿತು!

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಧೈರ್ಯ ಬೇರೆ, ಈ ಹೊಂದಿಕೊಳ್ಳುವ ಗುಣ ಬೇರೆ. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಬಿಗಿದುಕೊಂಡು ಬಂದು ಲಾರಾನ ವಿಕೆಟ್ಟು ತೆಗೆದ ಅನಿಲ್ ಕುಂಬ್ಳೆಯವರ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಅದು ಧೈರ್ಯ, ಅದನ್ನು ಛಾಯಾಚಿತ್ರದಲ್ಲಿ ಹಿಡಿಯಬಹುದು. ಹೊಂದಿಕೊಳ್ಳುವುದನ್ನು ಹಾಗೆ ಹಿಡಿಯಲು ಬಾರದು. ಹಂಗೆರಿಯ ಕಾರೊಲಿ ಟಾಕಾಚ್ ಎಂಬ ಪಿಸ್ತೂಲುಗಾರನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಅವನು ಎಡಗೈಯಲ್ಲಿ ಗುರಿ ಹಿಡಿಯುವುದನ್ನು ಮೊದಲಿನಿಂದ ಕಲಿತು 1948ರಲ್ಲಿ, ಮತ್ತೆ 1952ರಲ್ಲಿ ಒಲಿಂಪಿಕ್ಸಿನ ಚಿನ್ನ ಗೆದ್ದ. ಆ ಪದಕಗಳ ಚಿತ್ರಗಳು ಸಿಗುತ್ತವೆ. ಎಡಗೈ ನಡುಗುತ್ತಿದ್ದ ಮೊದಲ ತಿಂಗಳುಗಳ ಚಿತ್ರ ಎಲ್ಲಿ ಸಿಕ್ಕೀತು?

ಛಲವನ್ನು ಹೇಳಲು ಪಂಪ, ರನ್ನರಿದ್ದಾರೆ. ಈ ಇನ್ನೊಂದು ಗುಣವನ್ನು ಹೇಳಿದವರು ನಮ್ಮಲ್ಲಿ ಇಲ್ಲವೆ ಎಂದು ಹುಡುಕಿದರೆ, ಅದೂ ಊರಿನಲ್ಲಿಯೇ ಸಿಗುತ್ತದೆ. ವೀರನಾರಾಯಣನ ಗುಡಿಯ ಕಂಬದ ಬಳಿ ಕುಳಿತು, ಮಿಂದ ಒದ್ದೆಬಟ್ಟೆ ಆರುವವರೆಗೆ ಕುಮಾರವ್ಯಾಸ ಭಾರತ ಬರೆಯುತ್ತಿದ್ದನೆಂದು ಗದಗಿನ ಜನ ಹೇಳುತ್ತ ಬಂದಿದ್ದಾರೆ. ಅವನ ವಿರಾಟಪರ್ವವನ್ನು ಓದಿದವರು ಉತ್ತರನ ಪೌರುಷಕ್ಕೆ ನಗುತ್ತಾರೆ, ನಗಬೇಕಾದದ್ದೇ. ಒಳ್ಳೆಯ ಸಾರಥಿಯಿದ್ದರೆ ಕೌರವರನ್ನು ಹೀಗೆ ಗೆಲ್ಲುವೆ, ಹಾಗೆ ಗೆಲ್ಲುವೆ ಎಂದವನು, ಸೈನ್ಯವನ್ನು ಕಂಡೊಡನೆ ರಥದಿಂದ ಹಾರಿ ಓಡಿದ. ನಾವು ನಗುತ್ತ ಗಮನಿಸದೆ ಹೋಗುವುದು ಪಕ್ಕದ ಪೀಠದಲ್ಲಿದ್ದ ಬೃಹನ್ನಳೆಯನ್ನು. ಲೋಕದ ಮೊದಲ ಬಿಲ್ಲುಗಾರ ಒಂದು ವರ್ಷ ನೃತ್ಯ ಕಲಿಸಿದ. ಸಾರಥಿ ಬೇಕೆಂದಾಗ ನಾನು ಬಿಲ್ಲುಗಾರ, ಕುದುರೆ ಹೊಡೆಯುವವನಲ್ಲ ಎನ್ನದೆ ವಾಘೆ ಹಿಡಿದ. ಅರಸುಮಗ ಓಡಿದಾಗ ಬೆನ್ನಟ್ಟಿ ಹಿಡಿತಂದು ಅವನನ್ನು ಸಾರಥಿಯ ಪೀಠದಲ್ಲಿ ಕೂಡಿಸಿ, ತಾನು ಶಮೀವೃಕ್ಷದ ಮೇಲಿನ ಆಯುಧಗಳಿಗೆ ಕೈಯಿಟ್ಟ. ಪೀಠಗಳು ಬದಲಾದುವು, ರಥ ಅದೇ, ದಾರಿ ಅದೇ.

1999ರಲ್ಲಿ ನಾನು ಮಾಡಬೇಕಾಗಿದ್ದುದು ಇಷ್ಟೆ. ಪೀಠ ಬದಲಿಸಬೇಕಾಗಿತ್ತು.

ಆದರೆ ಇದನ್ನೆಲ್ಲ ಆ ಹುಡುಗಿಗೆ ಉಪದೇಶ ಮಾಡಲು ನನಗೆ ಸಂಕೋಚವಾಯಿತು. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಹಳ್ಳಿಗಳಿಂದ ಬರುವ ನಮ್ಮ ಮಕ್ಕಳಿಗೆ ಅನಾನುಕೂಲವೇ ಗುರು ಎಂದು ಭಾಷಣ ಮಾಡುವುದು ಸುಲಭ. ಸಂಜೆಯ ಅಭ್ಯಾಸ ಮುಗಿಸಿದರೆ ಊರಿನ ಬಸ್ಸು ತಪ್ಪುತ್ತದೆ, ಬಸ್ಸು ಹಿಡಿದರೆ ಅಭ್ಯಾಸ ತಪ್ಪುತ್ತದೆ. ಹೆಣ್ಣುಮಗಳಾದರೆ ಕತ್ತಲಾಗುವುದು ಇನ್ನೂ ಬೇಗ. ಹುಬ್ಬಳ್ಳಿಗೆ ಹೋಗಿ ಬಂದು ಭಾರತಕ್ಕೆ ಆಡಿದ ಒಬ್ಬರ ಹೆಸರು ನಮಗೆ ತಿಳಿದಿದೆ. ಹೋಗಲಾಗದೆ ನಿಂತವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಮೈದಾನ ಕೊಡದಿರುವುದಕ್ಕೆ ಹೊಂದಿಕೊಳ್ಳುವ ಗುಣದ ಹೊಗಳಿಕೆಯನ್ನು ನೆಪ ಮಾಡಿಕೊಳ್ಳಬಾರದು. ಆದ್ದರಿಂದ ನಾನು ಹೇಳಿದ್ದು ಇಷ್ಟೇ: “ಪಿ.ಡಿ. ಸರ್‌ಗೆ ನಾ ಹೇಳೂದಿಲ್ಲವಾ. ಊರಿಗೆ ಹೋಗಿ ಬಾ. ಸೋಮವಾರ ನೀನ ಹೇಳಿಯಂತ.”

ಸೋಮವಾರ ಅವಳು ಬಂದಳು. ಓಟದ ಮಾತು ಎತ್ತಲಿಲ್ಲ. ಮನೆಯ ಸುದ್ದಿ ಹೇಳಿದಳು. ಕೊಯ್ಲಿಗೆ ಬಂದಿದ್ದ ಹೆಸರು ಅದೇ ಮಳೆಗೆ ಸಿಕ್ಕು ಗಿಡದಲ್ಲಿಯೇ ಕಾಯಿ ಮೊಳೆತಿತ್ತಂತೆ. ಹೆಸರಿನ ರೊಕ್ಕ ಬಂದರೆ ಹೊಸ ಸ್ಪೈಕ್ಸ್ ಕೊಡಿಸುವುದಾಗಿ ಅಪ್ಪ ಮಾತು ಕೊಟ್ಟಿದ್ದನಂತೆ.

“ಮತ್ತ ಅಪ್ಪ ಏನಂತಾನ?”

“ಏನ ಅಂತಾನ್ರಿ, ಹರಗಿ ಕಡ್ಲಿ ಹಾಕ್ತೇನಿ ಅಂತಾನ್ರಿ. ಈಗ ಭಾಳ ಹಸಿ ಐತಿ, ಇನ್ನೊಂದ ಎಂಟ ದಿನಕ್ಕ ಹದಕ್ಕ ಬರತೈತಿ ಅಂದ್ರಿ.”

ಹೇಳುತ್ತ ಹೇಳುತ್ತ ಅವಳೇ ಒಂದು ಗಳಿಗೆ ಸುಮ್ಮನಾದಳು. ನಾನೂ ಮಾತಾಡಲಿಲ್ಲ. ಹದವೆಂಬ ಮಾತು ನಮ್ಮ ರೈತರದು. ಬೀಜ ಮೊಳೆಯುವಷ್ಟು ಹಸಿ, ಕೂರಿಗೆ ನಡೆಯುವಷ್ಟು ಒಣಗು, ಎರಡೂ ಕೂಡಿ ಬರುವ ಕೆಲವೇ ದಿನಗಳಿಗೆ ಆ ಹೆಸರು. ಮುಂಗಾರಿ ಹೋದರೆ ಹಿಂಗಾರಿ. ಹೆಸರೇ ಬೆಳೆಯುತ್ತೇನೆಂದು ಹಟ ಹಿಡಿದು ಕುಳಿತ ರೈತನನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಹೆಸರು ಹೋಯಿತೆಂದು ಹೊಲ ಬೀಳು ಬಿಟ್ಟವನನ್ನೂ ಕಂಡಿಲ್ಲ.

ಪಿ.ಡಿ. ಸರ್ ಹೊಸದಾಗಿ ಲೆಕ್ಕ ಹಾಕಿದರು. ತುದಿಗೇರಿದ ಕಸುವನ್ನು ಹಿಡಿದಿಡುವ ಹಂಬಲ ಬಿಟ್ಟು ಒಂದು ಮೆಟ್ಟಿಲು ಕೆಳಗಿಳಿದು, ಮತ್ತೆ ದೂರದ ನಿಧಾನದ ಓಟ. ಪರೀಕ್ಷೆಯ ವಾರ ದಿನಕ್ಕೆ ಅರ್ಧ ತಾಸು ಸಾಕು. ಅನಂತರ 1500ರ ಬದಲು ಗುಡ್ಡಗಾಡು ಓಟ. ಮೈದಾನ ಇನ್ನೂ ಕೆಸರಾಗಿದ್ದುದರಿಂದ ಅಭ್ಯಾಸ ರಸ್ತೆಯ ಬದಿಯಲ್ಲಿ, ಭಾನುವಾರ ಊರಿಗೆ ಹೋದಾಗ ಕಪ್ಪತಗುಡ್ಡದ ಕಡೆಯ ಏರಿನಲ್ಲಿ. ಅವಳಿಗೆ ಬಹಳ ಕಷ್ಟವಾದದ್ದು ಏರಲ್ಲ, ಗಡಿಯಾರವಿಲ್ಲದೆ ಓಡುವುದು. ಮೈದಾನದಲ್ಲಿ ಸುತ್ತು ಸುತ್ತಿಗೂ ಕಾಲವನ್ನು ಅಳೆದು ಅಭ್ಯಾಸವಾದವಳು. ಗುಡ್ಡದಲ್ಲಿ ಆ ಅಳತೆ ನಡೆಯುವುದಿಲ್ಲ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ ಉಸಿರನ್ನೇ ಗಡಿಯಾರ ಮಾಡಿಕೊಳ್ಳಬೇಕು, ಇಳುಕಲಿನಲ್ಲಿ ಬ್ರೇಕು ಹಾಕದೆ ಮೈಯನ್ನು ಹರಿಯಬಿಡಬೇಕು. ಎರಡನೆಯ ವಾರ ಕಾಲಿನ ಹರಡು ಸ್ವಲ್ಪ ಉಳುಕಿದಾಗ ಅವಳು ಓಡುತ್ತೇನೆಂದರೂ ಪಿ.ಡಿ. ಸರ್ ನಾಲ್ಕು ದಿನ ಕೂಡಿಸಿಬಿಟ್ಟರು. ನೋವಿಗೆ ಹೊಂದಿಕೊಳ್ಳುವುದು ಹೊಂದಿಕೆಯಲ್ಲವೆಂದು ಅವರು ಗದರಿದ್ದು ನನಗೆ ಕೊಠಡಿಯವರೆಗೆ ಕೇಳಿಸಿತು.

ಆ ಗುಡ್ಡಗಾಡು ಓಟದಲ್ಲಿ ಅವಳು ಆರನೆಯವಳಾಗಿ ಬಂದಳು. ಪದಕವಿಲ್ಲ. ಹಳೆಯ ಬೂಟು, ಹಿಮ್ಮಡಿಯ ಮೇಲೆ ಒಣಗಿದ ಎರೆ. ಮರುದಿನ ನನ್ನ ಮೇಜಿನ ಮುಂದೆ ನಿಂತು ಸುದ್ದಿ ಹೇಳಿ, ಹೋಗದೆ ಹಾಗೆಯೇ ನಿಂತಳು.

“ಸರ್, ನೀವೂ ಓಡತಿದ್ರಂತ, ಪಿ.ಡಿ. ಸರ್ ಹೇಳಿದ್ರು. ಯಾಕ ಬಿಟ್ರಿ?”

ಹಾಜರಿ ಪುಸ್ತಕದಲ್ಲಿ ಏನನ್ನೋ ಹುಡುಕುವವನಂತೆ ನಾಲ್ಕು ಪುಟ ತಿರುವಿದೆ.

“ಮಳಿ ಬಂದಿತ್ತವಾ,” ಎಂದೆ.